ಗುರುವಾರದ ಅಕ್ಕ

ಚಿಕ್ಕಬಾಣಾವರದ ಸರ್ಕಾರಿ ಪ್ರೌಢಶಾಲೆಯಲ್ಲಿ ಸೀತಾಲಕ್ಷ್ಮಿ ಹತ್ತೊಂಬತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದಳು. ಎಂ.ಎಸ್ಸಿ. ಮಾಡಿದವಳು. ಬೋರ್ಡಿನ ಮೇಲೆ ಅವಳು ಚಿತ್ರ ಬರೆದರೆ ಅಚ್ಚು ಹಾಕಿದ ಹಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು.

ಆ ವರ್ಷ ಪೀಣ್ಯದ ಗೇರ್ ಕಾರ್ಖಾನೆಯೊಂದು ಸುತ್ತಲಿನ ಐದು ಶಾಲೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಪ್ರತಿ ಗುರುವಾರ ಮಧ್ಯಾಹ್ನ ಕಾರ್ಖಾನೆಯಿಂದ ಒಬ್ಬರು ಬಂದು ಮಕ್ಕಳ ಕೈಯಲ್ಲಿ ಪ್ರಯೋಗ ಮಾಡಿಸಬೇಕು. ಈ ಶಾಲೆಗೆ ಬಂದದ್ದು ಮಹಾದೇವಿ. ಐ.ಟಿ.ಐ. ಓದಿ ಹನ್ನೆರಡು ವರ್ಷ ಲೋಹ ಕಡೆಯುವ ಲೇತ್ ಮೇಲೆ ದುಡಿದವಳು. ನೀಲಿ ಯೂನಿಫಾರ್ಮ್‌ನಲ್ಲೇ ಬಂದು, ಚೀಲದಿಂದ ಗೇರುಗಳನ್ನೂ ದಪ್ಪ ಅಳೆಯುವ ಮೈಕ್ರೋಮೀಟರುಗಳನ್ನೂ ತೆಗೆದು ಬೆಂಚಿನ ಮೇಲೆ ಸುರಿದುಬಿಟ್ಟಳು.

ಎರಡನೆಯ ಗುರುವಾರ ಮಕ್ಕಳು ತಮ್ಮ ತಮ್ಮ ಕೂದಲಿನ ದಪ್ಪ ಅಳೆಯುತ್ತಿದ್ದರು. ತರಗತಿಯಲ್ಲಿ ತಲೆಯೇ ಎತ್ತದ ಗೌರಿ ಎದ್ದು ನಿಂತು ಕೂಗಿದಳು. "ನಂದು ದಿವ್ಯಂದಕ್ಕಿಂತ ದಪ್ಪ!"

ಬಾಗಿಲಲ್ಲಿ ನಿಂತಿದ್ದ ಸೀತಾಲಕ್ಷ್ಮಿ, "ಎಲ್ಲಿ ನೋಡೋಣಮ್ಮ" ಎಂದಳು. ಗೌರಿ ನೋಡುತ್ತಿದ್ದದ್ದು ಮಹಾದೇವಿಯ ಕಡೆಗೆ.

ಅಂದಿನಿಂದ ಗುರುವಾರ ಬಂತೆಂದರೆ ಸೀತಾಲಕ್ಷ್ಮಿಗೆ ಊಟ ಸೇರುತ್ತಿರಲಿಲ್ಲ. ಊಟದ ಬೆಲ್ ಆದ ಕೂಡಲೇ ಮಕ್ಕಳು ಗೇಟಿಗೆ ಓಡುವುದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡುವಳು. ತನಗಾಗಿ ಯಾರಾದರೂ ಹಾಗೆ ಓಡಿದ್ದುಂಟೇ ಎಂದು ನೆನಪು ಮಾಡಿಕೊಳ್ಳುವಳು.

ಒಂದು ದಿನ ಮಹಾದೇವಿ, ಚಂದ್ರನ ಮೇಲೆ ಗೇರಿನ ದ್ರವ್ಯರಾಶಿ ಕಮ್ಮಿಯಾಗುತ್ತದೆ ಎಂದುಬಿಟ್ಟಳು. ಕಮ್ಮಿಯಾಗುವುದು ತೂಕ, ದ್ರವ್ಯರಾಶಿಯಲ್ಲ. ಬಾಗಿಲಲ್ಲಿದ್ದ ಸೀತಾಲಕ್ಷ್ಮಿಗೆ ಮೈಯೆಲ್ಲ ತಣ್ಣಗಾದಷ್ಟು ಹಿತವಾಯಿತು. ಅವಳು ಬಾಯಿ ಬಿಡಲಿಲ್ಲ.

ಡಿಸೆಂಬರಿನಲ್ಲಿ ಕಾರ್ಖಾನೆಯವರು ಶಾಲೆಯ ಅಭಿಪ್ರಾಯ ಕೇಳಿದರು. "ವಿಷಯಜ್ಞಾನ ಸಾಲದು, ಮೂಲ ಪರಿಕಲ್ಪನೆಗಳಲ್ಲೇ ತಪ್ಪು" ಎಂದು ಸೀತಾಲಕ್ಷ್ಮಿ ಉದಾಹರಣೆ ಸಹಿತ ಬರೆದಳು. ಒಂದಕ್ಷರವೂ ಸುಳ್ಳಿರಲಿಲ್ಲ.

ಜನವರಿಯಿಂದ ಮಹಾದೇವಿಯ ಬದಲು ಚಿನ್ಮಯ್ ಎಂಬ ಇಂಜಿನಿಯರ್ ಲ್ಯಾಪ್‌ಟಾಪ್ ಹಿಡಿದು ಬರತೊಡಗಿದ. ಗೋಡೆಯ ಮೇಲೆ ಚಿತ್ರ ತೋರಿಸುತ್ತ ಮಾತಾಡಿದ. ಮಕ್ಕಳು ಆಕಳಿಸಿದರು. ಮೂರನೆಯ ವಾರ ಗೌರಿ ಸ್ಟಾಫ್ ರೂಮಿನ ಹೊಸ್ತಿಲಲ್ಲಿ ನಿಂತು, ಕಣ್ಣು ತುಂಬಿಕೊಂಡು ಕೇಳಿದಳು.

"ಅಕ್ಕ ಯಾಕ್ ಬರ್ತಿಲ್ಲ ಮಿಸ್? ಅವತ್ತು ನಾನು ಮೈಕ್ರೋಮೀಟರ್ ಬೀಳಿಸ್ಬಿಟ್ನಲ್ಲ, ಅದಕ್ಕಾ?"

"ಅಲ್ಲಮ್ಮ, ನಿಂದೇನೂ ತಪ್ಪಿಲ್ಲ" ಎಂದು ಸೀತಾಲಕ್ಷ್ಮಿ ಅವಳ ಕಣ್ಣೊರೆಸಿದಳು.

ಆ ಶನಿವಾರ ಶಿಫ್ಟ್ ಬಿಡುವ ಹೊತ್ತಿಗೆ ಅವಳು ಕಾರ್ಖಾನೆಯ ಗೇಟಿನಲ್ಲಿ ಕಾದು ನಿಂತಳು. ಮಹಾದೇವಿ ಹೊರಬಂದಳು.

"ಆ ಲೆಟರ್ ಬರ್ದಿದ್ದು ನಾನೇ ಕಣ್ರೀ."

"ಗೊತ್ತು ಮೇಡಂ. ಮೀಟಿಂಗಲ್ಲಿ ಎಲ್ಲರ ಮುಂದೆ ಓದಿದ್ರು."

"ತಪ್ಪು ಹೇಳಿದ್ದಂತೂ ನಿಜ ಅಲ್ವಾ?"

"ನಿಜಾನೇ. ಬಾಗಿಲಲ್ಲೇ ಇದ್ರಲ್ಲ, ಆಗ್ಲೇ ಹೇಳ್ಬಾರ್ದಾಗಿತ್ತಾ? ತಿದ್ಕೋತಿದ್ದೆ. ಈಗ ಆ ತಪ್ಪು ಮಕ್ಕಳ ತಲೇಲೇ ಉಳ್ಕೊಂಡಿದೆ. ಅವರು ನಿಮ್ ಮಕ್ಕಳೇ ತಾನೆ?"

ಸೀತಾಲಕ್ಷ್ಮಿಗೆ ಅದು ಹೊಳೆದೇ ಇರಲಿಲ್ಲ. "ನಂಗೆ ಹೊಟ್ಟೆಕಿಚ್ಚು" ಎಂದಳು. "ಬೇರೇನೂ ಇಲ್ಲ."

ಮಹಾದೇವಿ ಅವಳ ಮುಖವನ್ನೇ ನೋಡಿದಳು. "ಬಸ್ ಬಂತು ಮೇಡಂ" ಎಂದು ಹೊರಟುಹೋದಳು.

ಸೋಮವಾರ ಸೀತಾಲಕ್ಷ್ಮಿ ಮಕ್ಕಳಿಗೆ ದ್ರವ್ಯರಾಶಿಯ ಪಾಠ ಮತ್ತೆ ಮಾಡಿದಳು. ತಪ್ಪು ಕೇಳಿಯೂ ತಾನು ಸುಮ್ಮನಿದ್ದೆ ಎಂಬುದನ್ನೂ ಹೇಳಿದಳು. ಮಕ್ಕಳು ಪಿಳಿಪಿಳಿ ನೋಡಿದರು. ಆಮೇಲೆ, ಮಹಾದೇವಿಯನ್ನೇ ಮತ್ತೆ ಕಳಿಸಿ ಎಂದು ಕಾರ್ಖಾನೆಗೆ ಎರಡನೆಯ ಪತ್ರ ಬರೆದು ಮುಖ್ಯಶಿಕ್ಷಕ ವೆಂಕಟೇಶಪ್ಪನವರ ಮುಂದಿಟ್ಟಳು.

"ಆಗೊಂದು, ಈಗೊಂದು ಅಂದ್ರೆ ಅವರೇನ್ ಅಂದ್ಕೋತಾರೆ ಮೇಡಂ?" ಎಂದು ಗೊಣಗುತ್ತಲೇ ಅವರು ಸಹಿ ಹಾಕಿದರು.

ಉತ್ತರ ಬರಲು ಬೇಸಿಗೆ ರಜೆ ಕಳೆಯಬೇಕಾಯಿತು. ಜೂನ್ ಕೊನೆಯ ಗುರುವಾರ ಮಹಾದೇವಿ ಬಂದಳು. ಗೌರಿ ಎಲ್ಲರಿಗಿಂತ ಮುಂದೆ ಓಡಿದಳು. ಸೀತಾಲಕ್ಷ್ಮಿಯ ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು. ಆದರೂ ಈ ಸಲ ಅವಳು ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗಿ ಮಕ್ಕಳ ನಡುವೆ ಕುಳಿತಳು. ಮಹಾದೇವಿ ನಗಲಿಲ್ಲ. ಹೊಸದಾಗಿ ತಂದಿದ್ದ, ಗಡಿಯಾರದಂಥ ಮುಳ್ಳಿನಿಂದ ಅಳತೆ ತೋರಿಸುವ ಡಯಲ್ ಗೇಜನ್ನು ಎಲ್ಲರಿಗೂ ಕೊಟ್ಟ ಹಾಗೆ ಅವಳ ಕೈಗೂ ಕೊಟ್ಟಳು.

ಸೀತಾಲಕ್ಷ್ಮಿ ಮುಳ್ಳು ನೋಡಿ ಅಳತೆ ಹೇಳಿದಳು.

"ತಪ್ಪು ಮಿಸ್!" ಎಂದು ಗೌರಿ ಚೀರಿದಳು. ಇಡೀ ತರಗತಿ ನಕ್ಕಿತು. ಸೀತಾಲಕ್ಷ್ಮಿಗೆ ನಗು ಬರಲು ತುಸು ಹೊತ್ತು ಹಿಡಿಯಿತು.