ಹುಣಸೆಹಣ್ಣು ಹಾಕಿ ತಿಕ್ಕಿದ್ದು

“ಯಾರಣ್ಣಾ ಇದಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ್ದು?”

ಕಲೀಮುಲ್ಲಾ ಕಾರಿನ ಹೆಡ್ಡನ್ನು ಮೂಗಿನ ಹತ್ತಿರ ಹಿಡಿದು ಮತ್ತೊಮ್ಮೆ ಮೂಸಿದ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಗ್ಯಾರೇಜು ನಡೆಸುತ್ತಲೇ ತಲೆ ನರೆತವನು ಅವನು. ಎಂಜಿನ್ನಿನ ಸಾಮಾನಿಗೆ ಸಾರಿನ ವಾಸನೆ ಬಂದದ್ದು ಇದೇ ಮೊದಲು.

“ಅವಳನ್ನೇ ಕೇಳಿ,” ಎಂದ ಮುನಿಆಂಜನಪ್ಪ, ಹೆಂಡತಿಯ ಕಡೆ ತಿರುಗದೆ.

ಆದಿಲಕ್ಷ್ಮಿ ಖಾಲಿ ಗೋಣಿಚೀಲ ಮಡಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಬಾಣಸವಾಡಿಯಿಂದ ಬಸ್ಸಿನಲ್ಲಿ ಆ ಚೀಲವನ್ನು ಇಬ್ಬರೂ ಒಂದೊಂದು ಕಡೆ ಹಿಡಿದೇ ಬಂದಿದ್ದರು. ದಾರಿಯುದ್ದಕ್ಕೂ ಮಾತಿಲ್ಲ ಕತೆಯಿಲ್ಲ.

“ನಾಳೆ ಆಯುಧಪೂಜೆ ಅಲ್ವಾ,” ಎಂದಳು. “ಸ್ಪಾನರು, ಜಾಕು, ಈಳಿಗೆಮಣೆ ಎಲ್ಲಾ ತೊಳ್ದಿಟ್ಟೆ. ಇವ್ರು ರಿಪೇರಿಗೆ ಅಂತ ಬಿಚ್ಚಿಟ್ಟಿದ್ದ ಇದೊಂದು ಮಸಿ ಹಿಡ್ಕೊಂಡು ಜಗಲಿ ಮೇಲೆ ಬಿದ್ದಿತ್ತು. ರಾತ್ರಿ ಹುಳಿ ಹಚ್ಚಿಟ್ಟು ಬೆಳಿಗ್ಗೆ ತಿಕ್ದೆ.”

“ಇಟ್ಟಿಗೆಪುಡಿನೂ ಹಾಕಿದ್ರಾ?”

“ಹಾಕ್ದೆ. ಹಿತ್ತಾಳೆ ಬಿಂದಿಗೆಗೆ ಹಾಕ್ತೀವಲ್ಲ.”

ಕಲೀಮುಲ್ಲಾನಿಗೆ ನಗು ಬಂತು, ಆದರೆ ಮುನಿಆಂಜನಪ್ಪನ ಮುಖ ನೋಡಿ ನುಂಗಿಕೊಂಡ. ಹೆಡ್ಡೆಂದರೆ ಎಂಜಿನ್ನಿನ ಮೇಲೆ ಬಿಗಿಯುವ ಮುಚ್ಚಳ. ಅದರ ಕೆಳಮುಖ ಸಪಾಟಾಗಿದ್ದರೆ ಮಾತ್ರ ಬೆಂಕಿ ಬೆಂಕಿಯ ಕಡೆ, ನೀರು ನೀರಿನ ಕಡೆ ಇರುತ್ತದೆ. ಈ ಹೆಡ್ಡೋ ಅಲ್ಯೂಮಿನಿಯಮ್ಮಿನದು. ಇಟ್ಟಿಗೆಪುಡಿ ಮುಖದ ತುಂಬಾ ಗೀರೆಳೆದಿತ್ತು, ಹುಳಿ ಅಲ್ಲಲ್ಲಿ ಗುಳಿ ತೋಡಿತ್ತು. ನಡುಮಧ್ಯೆ ಒಂದು ಕುಂಕುಮದ ಬೊಟ್ಟು ಬೇರೆ.

“ಮಿಷನ್‌ಗೆ ಕೊಟ್ಟು ಒಂದು ಪದರ ಕೊಯ್ಸಿದ್ರೆ?” ಮುನಿಆಂಜನಪ್ಪ ಕೇಳಿದ.

“ಹಿಂದೇನೇ ಕೊಯ್ಸಿದೀರ. ಇನ್ನೂ ಕೊಯ್ದ್ರೆ ತೆಳ್ಳಗಾಗೋಗತ್ತೆ. ಹೊಸದಂತೂ ಊರಲ್ಲೆಲ್ಲೂ ಸಿಗ್ತಿಲ್ಲ.”

ಮುನಿಆಂಜನಪ್ಪ ಅಲ್ಲೇ ಕುಕ್ಕರಿಸಿದ. ಅರ್ಧ ಆಯುಸ್ಸು ಸೇಟೊಬ್ಬನ ಟ್ಯಾಕ್ಸಿ ಓಡಿಸಿದ ಮೇಲೆ, ತನ್ನದು ಅಂತ ಒಂದು ಹಳೇ ಫಿಯಟ್ ಮನೆ ಮುಂದೆ ಬಂದು ನಿಂತಿತ್ತು. “ಮತ್ತೆ ಆ ಸೇಟು ಬಾಗಿಲಿಗೆ ಹೋಗಿ ಕೈ ಕಟ್ಕೊಂಡು ನಿಂತ್ಕೋಬೇಕು,” ಎಂದ, ನೆಲಕ್ಕೆ ಹೇಳುವವನ ಹಾಗೆ.

ಪೂಜೆ ಮಾಡಲು ಹೋಗಿ ನಮ್ಮ ಅನ್ನಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂದು ಆದಿಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಸುಮ್ನಿರಿ ಇಬ್ರೂ. ಕೈಯಲ್ಲೇ ನೋಡೋಣ,” ಎಂದ ಕಲೀಮುಲ್ಲಾ. ಒಳಗಿಂದ ದಪ್ಪನೆಯ ಗಾಜಿನ ಹಲಗೆ ತಂದು ನೆಲಕ್ಕಿಟ್ಟು, ಮೇಲೆ ಎಮರಿ ಕಾಗದ ಹಾಸಿ ಸೀಮೆಎಣ್ಣೆ ಚಿಮುಕಿಸಿದ. ತಿಕ್ಕುವ ಕೆಲಸ ಗಾಡಿಯವನದೇ ಎನ್ನುವುದು ಅವನ ಗ್ಯಾರೇಜಿನ ಕಾನೂನು. ಮುನಿಆಂಜನಪ್ಪ ಪಂಚೆ ಎತ್ತಿ ಕಟ್ಟಿ ಕೂತು, ಹೆಡ್ಡನ್ನು ಅದರ ಮೇಲೆ ಬೋರಲಿಟ್ಟು ಉಜ್ಜಿದ, ಬೆವರಿಳಿಯುವ ತನಕ ಉಜ್ಜಿದ.

ಕಲೀಮುಲ್ಲಾ ಗಾಜನ್ನು ಮಗುಚಿ, ಆ ಕಡೆಗೆ ನೀಲಿ ಬಣ್ಣ ಸವರಿ, ಒರೆಸಿದ ಹೆಡ್ಡನ್ನು ಮೆಲ್ಲಗೆ ಇಟ್ಟೆತ್ತಿದ. ಸಪಾಟಾಗಿದ್ದಲ್ಲೆಲ್ಲ ನೀಲಿ ಅಂಟಬೇಕು. ಒಂದು ಅಂಚಿಗಷ್ಟೇ ಅಂಟಿತ್ತು.

“ಕೋಪ ಎಲ್ಲಾ ಬಲಗೈಲಿದೆ ನಿಮ್ಗೆ. ಆ ಕಡೆ ಒಂದೇ ಸವೀತಿದೆ.”

“ಈ ಕಡೆ ನಾನು ಹಿಡ್ಕೊಳ್ಳಾ?” ಆದಿಲಕ್ಷ್ಮಿ ಮೆಲ್ಲಗೆ ಕೇಳಿದಳು.

“ನೀನು ತಿಕ್ಕಿದ್ದು ಸಾಲ್ದಾ?”

“ಸದ್ಯ, ಮಾತಾಡಿದ್ರಲ್ಲ,” ಎಂದ ಕಲೀಮುಲ್ಲಾ. “ಬನ್ನಿ ಅಕ್ಕಾ, ಎದುರುಗಡೆ ಕೂತ್ಕೊಳ್ಳಿ. ಯಾರೂ ಒತ್ಬೇಡಿ. ಅದರ ಭಾರ ಅದಕ್ಕೇ ಸಾಕು.”

ಮೊದಮೊದಲು ಅವನು ಎಳೆದರೆ ಅವಳೂ ಎಳೆದಳು, ಹೆಡ್ಡು ಅಲ್ಲಾಡಲಿಲ್ಲ. ಆಮೇಲೆ ಅವನು ಬಿಟ್ಟಾಗ ಅವಳು, ಅವಳು ಬಿಟ್ಟಾಗ ಅವನು. ಸರ್ ಸರ್ ಎನ್ನುವ ಸದ್ದು ಒಂದೇ ಸಮ ಆಯಿತು.

“ಬಳೆ ಮೇಲಕ್ಕೇರಿಸ್ಕೋ, ಒಡ್ದೋಗತ್ತೆ,” ಎಂದ ಮುನಿಆಂಜನಪ್ಪ.

ಮತ್ತೆ ನೀಲಿ ಹಚ್ಚಿದಾಗ ಮುಖವೆಲ್ಲ ನೀಲಿಯಾಯಿತು, ಒಂದು ಗುಳಿ ಬಿಟ್ಟು. ಕಲೀಮುಲ್ಲಾ ಅದಕ್ಕೆ ಉಗುರು ಆಡಿಸಿ ನೋಡಿದ. “ಅಂಚಿಂದ ದೂರ ಇದೆ. ನಡುವೆ ಕೂರೋ ಗ್ಯಾಸ್ಕೆಟ್ ಮುಚ್ಕೊಳ್ಳತ್ತೆ, ಇನ್‌ಶಾಲ್ಲಾ.”

“ಮುಚ್ಕೊಳ್ದೆ ಹೋದ್ರೆ?” ಅವಳು ಕೇಳಿದಳು.

“ರೇಡಿಯೇಟರ್ ನೀರಲ್ಲಿ ಗುಳ್ಳೆ ಮೇಲೆ ಗುಳ್ಳೆ ಬರತ್ತೆ. ಗೊತ್ತಾಗೋಗತ್ತೆ ಬಿಡಿ.”

ಹಬ್ಬದ ಬೆಳಿಗ್ಗೆ ಮನೆ ಮುಂದೆ ಮುನಿಆಂಜನಪ್ಪ ಕೊನೆಯ ನಟ್ಟು ಬಿಗಿದು ಕೀಲಿ ತಿರುಗಿಸಿದ. ಫಿಯಟ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹತ್ತಿಕೊಂಡಿತು. ಅವನು ಇಳಿದು ಬಂದು ರೇಡಿಯೇಟರಿನ ಬಾಯಿಗೆ ಬಗ್ಗಿದ. ಅವಳೂ ಬಗ್ಗಿದಳು. ಒಂದು ಗುಳ್ಳೆ ಎದ್ದು ಒಡೆಯಿತು. ಇಬ್ಬರೂ ಉಸಿರು ಹಿಡಿದರು. ಎಂಜಿನ್ನು ಬಿಸಿಯಾಗುತ್ತಾ ಹೋಯಿತು, ಇನ್ನೊಂದು ಗುಳ್ಳೆ ಬರಲಿಲ್ಲ.

ಅವನು ಗ್ರೀಸು ಮೆತ್ತಿದ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ.

“ಹುಣಸೆಹಣ್ಣು ಉಳಿದಿದ್ಯಾ?” ಎಂದ. “ಇಟ್ಟಿಗೆಪುಡಿನೂ ತಾ.”

ಅವಳು ಒಳಗೆ ಹೋಗಿ ತಂದು, ಜಗಲಿಯ ಮೇಲೆ ಕೂತು, ಅವನ ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದಳು. ಎಂಜಿನ್ನು ಓಡುತ್ತಲೇ ಇತ್ತು.