ಕಾಯಿನೀರು ಕುಡಿದ ಕಾರು

ನಾನು ಒಂದು ಕಾರು. ಹಾಗೆಂದ ಕೂಡಲೇ ನಿಮ್ಮ ಓಣಿಯಲ್ಲಿ ಸಾಬೂನಿನ ಡಬ್ಬಿಯಂತೆ ನಿಂತಿರುವ ಬಿಳಿ ಕಾರುಗಳನ್ನು ನೆನೆಸಿಕೊಳ್ಳಬೇಡಿ, ನನಗೆ ಸಿಟ್ಟು ಬರುತ್ತದೆ. ನನಗೆ ಸಿಟ್ಟು ಬೇಗ ಬರುತ್ತದೆ, ಅದು ಹುಟ್ಟುಗುಣ. ಎಂಟು ಸಿಲಿಂಡರಿನ ಎಂಜಿನ್, ಎರಡೇ ಬಾಗಿಲು, ಮಂಚದಷ್ಟು ಅಗಲದ ಬಾನೆಟ್ಟು, ಹೋರಿಯ ಹಿಣಿಲಿನಂತೆ ಉಬ್ಬಿದ ಹಿಂಭಾಗ. ಅಮೆರಿಕದ ಡೆಟ್ರಾಯಿಟ್ ಎಂಬ ಊರಿನಲ್ಲಿ, ಹೊರಗೆ ಹಿಮ ಬೀಳುತ್ತಿದ್ದ ಒಂದು ದಿನ ನನ್ನನ್ನು ಜೋಡಿಸಿದರು. ಅಲ್ಲಿಯ ಜನ ನಮ್ಮಂಥವರನ್ನು ಓಡಿಸುತ್ತಿದ್ದದ್ದು ಎಲ್ಲಿಗಾದರೂ ಹೋಗಬೇಕೆಂದಲ್ಲ, ನಮ್ಮ ಗುಡುಗು ಕೇಳಬೇಕೆಂದು.

ಮುಂಬಯಿಗೆ ಕೆಲಸಕ್ಕೆ ಬಂದ ಒಬ್ಬ ಎಂಜಿನಿಯರ್ ನನ್ನನ್ನು ಹಡಗಿನಲ್ಲಿ ತಂದ. ವಾಪಸು ಹೋಗುವಾಗ ಹುಬ್ಬಳ್ಳಿಯ ಒಬ್ಬ ಅರಳೆ ಸಾಹುಕಾರರಿಗೆ ಕೊಟ್ಟು ಹೋದ. ಸಾಹುಕಾರರಿಗೆ ಮೆರೆಯುವ ಆಸೆ ಇತ್ತು, ನನಗೆ ಪೆಟ್ರೋಲ್ ಕುಡಿಯುವ ಆಸೆ ಇತ್ತು. ನನ್ನ ಆಸೆ ಗೆದ್ದಿತು. ಒಂದು ದಿನ ಅವರ ಅಳಿಯ ಹೇಳಿದ: "ಮಾವಾರ, ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಕೂಡಿಸಿಬಿಡ್ರಿ, ಸುಮ್ಮನ ಹೋಗತೈತಿ." ಟ್ರ್ಯಾಕ್ಟರಿನದು! ಆ ಮಾತು ಕೇಳಿದ ದಿನದಿಂದ ನಾನು ಸ್ಟಾರ್ಟ್ ಆಗುವುದನ್ನೇ ಬಿಟ್ಟೆ. ಅವರು ಎತ್ತು ಕಟ್ಟಿ ಎಳೆಸಿ, ತಮ್ಮ ಅರಳೆ ಗಿರಣಿ ಇದ್ದ ಹಳ್ಳಿಯಲ್ಲಿ ಕನ್ನಡ ಶಾಲೆಯ ಗೋಡೆಗೆ ತಾಗಿಸಿ ನಿಲ್ಲಿಸಿಬಿಟ್ಟರು.

ನನ್ನ ವಿದ್ಯಾಭ್ಯಾಸ ಆದದ್ದು ಅಲ್ಲಿಯೇ, ಕಿಟಕಿಯ ಕೆಳಗೆ ನಿಂತು. ಮಗ್ಗಿ, ಒತ್ತಕ್ಷರ, ಮಾಸ್ತರರ ಬೈಗುಳ ಎಲ್ಲವೂ ಬಂದವು. ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಟ್ಟವು. ಆಟದ ಹೊತ್ತಿನಲ್ಲಿ ಮಕ್ಕಳು ನನ್ನನ್ನು ಬಸ್ಸು ಮಾಡಿಕೊಂಡು "ಹುಬ್ಬಳ್ಳಿ, ಹುಬ್ಬಳ್ಳಿ, ಹತ್ರಿ ಹತ್ರಿ" ಎಂದು ಕೂಗುತ್ತಿದ್ದರು. ನನ್ನನ್ನು ಬಸ್ಸು ಎಂದರೆ ನಾನು ಸಹಿಸುವವನಲ್ಲ. ಆದರೂ ಸಹಿಸಿದೆ. ಅಷ್ಟು ವರ್ಷ ನನ್ನೊಳಗೆ ಕೇಳಿದ ನಗು ಅದೊಂದೇ.

ಕಡೆಗೆ ಕಮ್ಮಾರರ ಅಣ್ಣತಮ್ಮಂದಿರು ಬಂದರು. ಹಳೇ ಹುಬ್ಬಳ್ಳಿಯಲ್ಲಿ ಅವರದೊಂದು ವರ್ಕ್‌ಶಾಪ್. ಅಣ್ಣ ಮೌನೇಶಪ್ಪನ ಕೈ ತಗಡು, ವೆಲ್ಡಿಂಗ್, ಬಣ್ಣಗಳಲ್ಲಿ ಪಳಗಿತ್ತು. ತಮ್ಮ ಕಾಳಪ್ಪ ಲೇಥಿನ ಮುಂದೆ ನಿಂತರೆ ಊಟ ಮರೆಯುವವನು, ಎಂಜಿನ್ ಎಂದರೆ ಅವನಿಗೆ ಜೀವ. ಗಿರಣಿಯ ಹಳೆಯ ಯಂತ್ರ ನೋಡಿಕೊಂಡು ಹೋಗಲು ಬಂದವರು ನನ್ನನ್ನು ಕಂಡು ಯಂತ್ರವನ್ನು ಮರೆತರು.

"ಅಣ್ಣಾ, ಇದರ ಎದಿ ನೋಡ ಬಾರೋ," ಎಂದ ಕಾಳಪ್ಪ, ಬಾನೆಟ್ಟು ಎತ್ತಿ.

"ಎದಿ ಆಮ್ಯಾಲೆ ನೋಡೂಣು. ಮೊದಲು ಈ ಕೋಳಿ ಇಳಸು," ಎಂದ ಮೌನೇಶಪ್ಪ.

ಸಾಹುಕಾರರಿಗೆ ಒಂದಿಷ್ಟು ದುಡ್ಡು ಕೊಟ್ಟು ನನ್ನನ್ನು ಹುಬ್ಬಳ್ಳಿಗೆ ಎಳೆದೊಯ್ದರು. ಆವತ್ತಿನಿಂದ ನಾನು ಆ ಮನೆಯ ಭಾನುವಾರವಾದೆ. ವಾರವೆಲ್ಲ ಟ್ರೇಲರ್, ಪಂಪು, ಗೇಟುಗಳ ಕೆಲಸ, ಭಾನುವಾರ ನನ್ನ ಕೆಲಸ. ಅಮೆರಿಕದಿಂದ ತರಿಸಬೇಕಾದ ತುಂಡುಗಳನ್ನು ಕಾಳಪ್ಪ ಲೇಥಿನಲ್ಲಿ ತಿರುವಿ ತಾನೇ ಮಾಡಿದ. ಮೌನೇಶಪ್ಪನ ಮಗಳು ವಿಶಾಲಿ ಡಿಪ್ಲೊಮಾ ಓದುತ್ತಿದ್ದಳು, ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು ನನ್ನ ಹೊಟ್ಟೆಯ ಕೆಳಗೆ ಮಲಗಿ ಕಲಿತಳು. ಅಣ್ಣತಮ್ಮಂದಿರ ತಾಯಿ ದ್ಯಾಮವ್ವ ಹೊಸ್ತಿಲಲ್ಲಿ ಕೂತು, ಮೆಂತ್ಯಸೊಪ್ಪು ಸೋಸಿದಂತೆ ನನ್ನ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಸಣ್ಣವು, ದೊಡ್ಡವು ಎಂದು ವಿಂಗಡಿಸುತ್ತಿದ್ದಳು.

"ನನಗೇನೂ ಬ್ಯಾಡ. ಇದರಾಗ ಕುಂತು ಒಮ್ಮೆ ಬನ್ನಿ ಕೊಡಾಕ ಹೋಗಬೇಕು," ಎನ್ನುತ್ತಿದ್ದಳು. ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿಯ ಎಲೆಯೇ ಬಂಗಾರ. ಕಂಡವರಿಗೆಲ್ಲ ಅದನ್ನು ಕೊಟ್ಟು, ಹಿರಿಯರ ಕಾಲು ಮುಟ್ಟಿ, ವರ್ಷದ ಜಗಳ ಅಲ್ಲಿಗೆ ಬಿಡಬೇಕು.

ನನ್ನ ಎಂಜಿನ್ ಮೊದಲ ಸಲ ಶುರು ಮಾಡುವ ದಿನ ಓಣಿಯೇ ನೆರೆದಿತ್ತು. ಕಾಳಪ್ಪ ಕಾರ್ಬುರೇಟರ್ ಹದ ಮಾಡುವುದಕ್ಕೆಂದು ಅದರ ಮೇಲಿನ ಏರ್ ಫಿಲ್ಟರ್ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಅಂದರೆ ನನ್ನ ಬಾಯಿ ಆಕಾಶಕ್ಕೆ ತೆರೆದಿತ್ತು. ಮೌನೇಶಪ್ಪ ಕುಂಕುಮ ಹಚ್ಚಿದ, ಊದಿನಕಡ್ಡಿ ಬೆಳಗಿದ, ಭಕ್ತಿ ಉಕ್ಕಿ ಬಂದು ತೆಂಗಿನಕಾಯಿಯನ್ನು ನನ್ನ ಎಂಜಿನ್ನಿನ ಅಂಚಿಗೇ ಬಡಿದು ಒಡೆದ. ಕಾಯಿನೀರೆಲ್ಲ ನನ್ನ ಗಂಟಲಿಗೆ ಇಳಿಯಿತು. ಜಗತ್ತಿನಲ್ಲಿ ಕಾರುಗಳು ಏನೇನನ್ನೋ ಕುಡಿದಿರಬಹುದು. ದೇವರ ಹೆಸರಿನಲ್ಲಿ ಕಾಯಿನೀರು ಕುಡಿದವನು ನಾನೊಬ್ಬನೇ ಇರಬೇಕು.

ಕೀಲಿ ತಿರುವಿದರು. ನಾನು ಒಂದು ಸಲ ಕೆಮ್ಮಿದೆ. ನೀರು ತುಂಬಿದ ಸಿಲಿಂಡರಿನಲ್ಲಿ ಠಣ್ ಎಂದು ಒಂದು ರಾಡು ಬಾಗಿತು. ಅಲ್ಲಿಗೆ ನಿಂತೆ.

"ಬಾಯಿ ತಗದಿಟ್ಟಾಂವ ಯಾರು?" ಎಂದ ಅಣ್ಣ.

"ತಗದ ಬಾಯಾಗ ಕಾಯಿ ಒಡದಾಂವ ಯಾರು?" ಎಂದ ತಮ್ಮ.

"ದೇವರಿಗೆ ಒಡದೇನೋ ಮಂಗ್ಯಾ!"

"ದೇವರು ಕಾರ್ಬುರೇಟರಿನ್ಯಾಗ ಕುಂತಾನೇನು?"

ನೆರೆದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಕೆಟ್ಟದಾಯಿತು. ಜನ ನಗದಿದ್ದರೆ ಜಗಳ ಅಂದೇ ಮುಗಿಯುತ್ತಿತ್ತು. ಸಿಟ್ಟಿನ ವಿಷಯದಲ್ಲಿ ನಾನು ಅವರನ್ನು ಬೈಯಲಾರೆ, ನಾವು ಮೂವರೂ ಒಂದೇ ಎರಕ. ಮಾತಿಗೆ ಮಾತು ಬೆಳೆದು ವರ್ಕ್‌ಶಾಪ್ ಪಾಲಾಯಿತು. ಲೇಥ್ ತಮ್ಮನಿಗೆ, ವೆಲ್ಡಿಂಗ್ ಮಷೀನು ಅಣ್ಣನಿಗೆ. ಶೆಡ್ಡಿನ ನಡುವೆ ಇಟ್ಟಂಗಿಯ ಗೋಡೆಗೆಂದು ಗೆರೆ ಬಿತ್ತು. ನನ್ನ ಸರದಿ ಬಂದಾಗ ಕಾಳಪ್ಪ "ಎದಿ ನಂದು" ಎಂದ. ಮೌನೇಶಪ್ಪ "ಹಂಗಾರ ಮೈ ನಂದು" ಎಂದ. ಹೊಲ ಪಾಲಾಗುವುದನ್ನು ಕೇಳಿದ್ದೆ, ಮನೆ ಪಾಲಾಗುವುದನ್ನು ಕೇಳಿದ್ದೆ. ಕಾರನ್ನು ಪಾಲು ಮಾಡಿದ ಮಹಾನುಭಾವರು ಇವರೇ. ನನ್ನ ಎಂಜಿನ್ ಗೆರೆಯ ಆಚೆ ಹೋಯಿತು, ಆಮೇಲೆ ಗೋಡೆ ಎದ್ದಿತು. ನಾನು ಈಚೆ ಉಳಿದೆ, ಬೊಂಬೆಯಂತೆ.

ಆ ವರ್ಷದ ವಿಜಯದಶಮಿಗೆ ಇಬ್ಬರೂ ಮಕ್ಕಳು ಬನ್ನಿ ಹಿಡಿದು ತಾಯಿಯ ಮುಂದೆ ಬಂದರು, ಒಬ್ಬ ಮುಂಚೆ, ಒಬ್ಬ ಆಮೇಲೆ. ದ್ಯಾಮವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಅರ್ಧ ಗಾಡಿ ಇಟಗೊಂಡಾವರ ಕೈಯಾಗಿನ ಬಂಗಾರ ನನಗ ಬ್ಯಾಡ. ಕೂಡಿಸಿಕೊಂಡು ಬರ್ರಿ, ತಗೋತೇನಿ."

ಹೆತ್ತ ತಾಯಿ ಬನ್ನಿ ಮುಟ್ಟಲಿಲ್ಲ. ಊರೆಲ್ಲ ಬಂಗಾರ ಹಂಚಿಕೊಂಡ ದಿನ ಆ ಇಬ್ಬರೂ ಎಲೆಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜೋಡಿಸುವ ಮಾತನ್ನು ಮೊದಲು ಯಾರು ಎತ್ತಬೇಕು? ಎತ್ತಿದವನು ಸೋತಂತೆ.

ಆದರೆ ಕೈ ಕೇಳಬೇಕಲ್ಲ. ಈಚೆ ಮೌನೇಶಪ್ಪ ನನ್ನ ಮೈಯ ತುಕ್ಕನ್ನೆಲ್ಲ ಕಿತ್ತು ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣ ಹೊಡೆದ. ಆಚೆ ಕಾಳಪ್ಪ ಬಾಗಿದ ರಾಡು ಬದಲಿಸಿ, ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿಗೆ ಕೂಡಿಸಿ, ಭಾನುವಾರ ಸಂಜೆ ಶುರು ಮಾಡುತ್ತಿದ್ದ. ಗೋಡೆಯಾಚೆಯಿಂದ ನನ್ನದೇ ದನಿ! ನನ್ನ ಗಾಜುಗಳು ನಡುಗುತ್ತಿದ್ದವು. ಮೌನೇಶಪ್ಪ ಬಣ್ಣದ ಗನ್ ಕೆಳಗಿಟ್ಟು ಕಿವಿಗೊಟ್ಟು, "ಎರಡನೇ ಸಿಲಿಂಡರ್ ತಪ್ಪಾಕತ್ತೈತಿ," ಎಂದು ಗೊಣಗುತ್ತಿದ್ದ. ವಿಶಾಲಿ ಆಚೆ ಓಡುತ್ತಿದ್ದಳು.

"ಕಾಕಾ, ಎರಡನೇದು ತಪ್ಪತೈತಂತ."

"ಯಾರಂದ್ರು?"

"ಗ್ವಾಡಿ."

"ನನ್ನ ಕಿವಿ ನೆಟ್ಟಗದಾವು ಅಂತ ಹೇಳು ಆ ಗ್ವಾಡಿಗೆ."

ಮುಂದಿನ ಭಾನುವಾರ ಎರಡನೇ ಸಿಲಿಂಡರ್ ತಪ್ಪುತ್ತಿರಲಿಲ್ಲ.

ಮತ್ತೆ ದಸರೆ ಬಂತು. ಆಯುಧಪೂಜೆಯ, ಅಂದರೆ ನಮ್ಮ ಕಡೆಯ ಖಂಡೇಪೂಜೆಯ ಹಿಂದಿನ ದಿನ, ಅಷ್ಟಮಿಯ ಮುಂಜಾನೆ ದ್ಯಾಮವ್ವ ಇಳಕಲ್ ಸೀರೆ ಉಟ್ಟು, ಎಲೆ ಅಡಿಕೆಯ ಚೀಲ ಹಿಡಿದು ಬಂದು, ನನ್ನ ಎಡಗಡೆಯ ಬಾಗಿಲು ತೆಗೆದು ಕೂತಳು. ಎದುರಿಗೆ ಸ್ಟೇರಿಂಗ್ ಇತ್ತು.

"ಇದ್ಯಾಕ ನನ್ನ ಮುಂದ ಬಂತು?"

"ಅಜ್ಜಿ, ಇದು ಅಮೆರಿಕದ ಗಾಡಿ. ಡ್ರೈವರ್ ಎಡಕ್ಕ. ನೀ ಬಲಕ್ಕ ಸರಿ," ಎಂದಳು ವಿಶಾಲಿ.

ದ್ಯಾಮವ್ವ ಬಲಕ್ಕೆ ಸರಿದು ಕಾಲು ಮಡಚಿ ಗಟ್ಟಿಯಾಗಿ ಕೂತಳು. "ನಾಡದು ಬನ್ನಿ. ಈ ಗಾಡಿ ಗುಡುಗೂತನಕ ನಾ ಇಳಿಯಂಗಿಲ್ಲ."

ಮೌನೇಶಪ್ಪ ಓಡಿ ಬಂದ. "ಯವ್ವಾ, ಇದರಾಗ ಎಂಜಿನ್ ಇಲ್ಲಬೇ!"

"ನನಗ ಗೊತ್ತೈತಿ. ನಿನಗ ಗೊತ್ತೈತೋ ಇಲ್ಲೋ ನೋಡಾಕ ಕುಂತೇನಿ."

ರೊಟ್ಟಿ ಬುತ್ತಿ ನನ್ನೊಳಗೇ ಬಂತು. ನೆರೆಹೊರೆಯವರು ಬಂದು ಕಿಟಕಿಯಲ್ಲಿ ಇಣುಕಿ ಹರಟೆ ಹೊಡೆದು ಹೋದರು. ಬಿಸಿಲೇರಿದಾಗ ಗೋಡೆಯ ಮೇಲೆ ಕಾಳಪ್ಪನ ತಲೆ ಕಂಡಿತು. ಅವನು ಡ್ರಮ್ಮಿನ ಮೇಲೆ ಹತ್ತಿ ನಿಂತಿದ್ದ.

"ಇಳಿ ಯವ್ವಾ, ಬೆನ್ನು ಹಿಡಕೋತೈತಿ."

"ನನ್ನ ಬೆನ್ನಿನ ಚಿಂತಿ ನಿನಗ ಬ್ಯಾಡ. ಇದರ ಎದಿ ನಿನ್ನ ಕಡೆ ಬಿದ್ದೈತೆಲ್ಲ, ಅದರ ಚಿಂತಿ ಮಾಡು."

ವಿಶಾಲಿ ಗೋಡೆಯ ಎರಡೂ ಕಡೆಗೆ ಕೇಳುವಂತೆ ಹೇಳಿದಳು: "ನಾಳೆ ಖಂಡೇಪೂಜೆ. ಪಾನಾ, ಸುತ್ತಗಿ ಎಲ್ಲಾ ಇವತ್ತ ಸಂಜಿಗೆ ತೊಳದು ಮಣಿ ಮ್ಯಾಲೆ ಇಡತೇವಿ. ಇಟ್ಟ ಮ್ಯಾಲೆ ಬನ್ನಿ ಮುಗಿಯೂತನಕ ಯಾರೂ ಮುಟ್ಟಂಗಿಲ್ಲ. ಇವತ್ತ ಕೂಡಿದ್ರ ಕೂಡೀತು. ಇಲ್ಲಂದ್ರ ಅಜ್ಜಿ ಇಲ್ಲೇ."

ಮೌನೇಶಪ್ಪ ತಾಯಿಯನ್ನು ನೋಡಿದ, ಬರಿದಾದ ನನ್ನ ಬಾನೆಟ್ಟಿನೊಳಗೆ ನೋಡಿದ. ಕಡೆಗೆ ತಮ್ಮನಿಗಲ್ಲ, ಗೋಡೆಗೆ ಹೇಳಿದ: "ಎಂಜಿನ್ ಎತ್ತೂ ಚೈನ್ ಪುಲ್ಲಿ ನನ್ನ ಕಡೆ ಐತಿ."

ಗೋಡೆ ಉತ್ತರ ಕೊಟ್ಟಿತು: "ಎತ್ತಬೇಕಾದ್ದು ನನ್ನ ಕಡೆ ಐತಿ."

ಹೊರಗಿನ ಸಂದಿಯಲ್ಲಿ ಗಟಾರ. ಅಷ್ಟು ಭಾರದ ಎಂಜಿನ್ ಅಲ್ಲಿಂದ ಬರುವಂತಿರಲಿಲ್ಲ. ಗೋಡೆಯೇ ಹೋಗಬೇಕಿತ್ತು. ಈಚೆಯಿಂದ ಮೌನೇಶಪ್ಪ ಸುತ್ತಿಗೆ ಬೀಸಿದ. ಅದೇ ಗಳಿಗೆಯಲ್ಲಿ ಆಚೆಯಿಂದಲೂ ಏಟು ಕೇಳಿತು. ಇಟ್ಟಂಗಿ ಉದುರಿದವು, ಧೂಳು ಎದ್ದಿತು. ಧೂಳು ಇಳಿದ ಮೇಲೆ ನೋಡಿದರೆ ಎರಡು ತೂತುಗಳು! ಅಣ್ಣ ಒಂದು ಕಡೆ ಒಡೆದಿದ್ದ, ತಮ್ಮ ಒಂದು ಕಡೆ ಒಡೆದಿದ್ದ, ನಡುವೆ ಒಂದು ಮಾರು ಗೋಡೆ ಹಾಗೇ ನಿಂತಿತ್ತು. ಕೂದಲೆಳೆಯಷ್ಟು ಅಳತೆ ತಪ್ಪಿದರೆ ಕೆಲಸಗಾರರ ಮೇಲೆ ಹಾರಾಡುವ ಇಬ್ಬರು ಯಜಮಾನರು ತಮ್ಮ ತಮ್ಮ ತೂತಿನಿಂದ ತಲೆ ಹೊರಗೆ ಹಾಕಿ ಒಬ್ಬರನ್ನೊಬ್ಬರು ನೋಡಿದರು.

"ಅಳತಿ ಹಿಡದಿದ್ದಿಲ್ಲೇನೋ?" ಎಂದ ಮೌನೇಶಪ್ಪ.

"ನೀ ಹಿಡದಿದ್ದೇನು?"

ವರ್ಷಕ್ಕೂ ಮೀರಿದ ಮೇಲೆ ಅವರು ನೇರವಾಗಿ ಆಡಿದ ಮೊದಲ ಮಾತು ಇದು. ಮೊದಲು ನಕ್ಕವಳು ನನ್ನೊಳಗೆ ಕೂತಿದ್ದ ದ್ಯಾಮವ್ವ. ಆಮೇಲೆ ಅಣ್ಣ ನಕ್ಕ. ತಮ್ಮ ತಡೆದು ನೋಡಿದ, ಆಗಲಿಲ್ಲ. ನಡುವಿನ ಗೋಡೆಯನ್ನು ಇಬ್ಬರೂ ಕೂಡಿ ಕೆಡವಿದರು.

ಸರಪಳಿಯಲ್ಲಿ ತೂಗಾಡುತ್ತ ನನ್ನ ಎದೆ ನನ್ನ ಕಡೆಗೆ ಬಂತು. "ಸಾವಕಾಶ, ಬಣ್ಣಕ್ಕ ತಾಗೀತು," ಎಂದ ಕಾಳಪ್ಪ. "ಬಣ್ಣ ಹೋಗಲಿ, ಎಂಜಿನ್ ನೋಡಕೋ," ಎಂದ ಮೌನೇಶಪ್ಪ. ಒಬ್ಬ ಇನ್ನೊಬ್ಬನ ಪಾಲಿಗೆ ಹೆದರುತ್ತಿದ್ದ. ನಾನು ಸಿಟ್ಟಿನವನು, ಆದರೂ ಆ ಹೊತ್ತಿಗೆ ನನ್ನ ಸಿಟ್ಟು ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ದೀಪ ಹಚ್ಚುವ ಹೊತ್ತಿಗೆ ವಿಶಾಲಿ ಕೀಲಿ ತಿರುವಿದಳು. ನಾನು ಗುಡುಗಿದೆ. ಶೆಡ್ಡಿನ ತಗಡು ಕುಣಿಯಿತು, ಪಾರಿವಾಳಗಳು ಹಾರಿದವು. ಸೈಲೆನ್ಸರ್ ಇನ್ನೂ ಜೋಡಿಸಿರಲಿಲ್ಲ. ಕಾಳಪ್ಪ ಅದರ ಬೋಲ್ಟು ಬಿಗಿಯಲು ಪಾನಾ ಹುಡುಕಿದ. ಅವು ಆಗಲೇ ತೊಳೆಸಿಕೊಂಡು ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು.

"ಮುಟ್ಟಿದ್ರ ನೋಡು!" ಎಂದಳು ದ್ಯಾಮವ್ವ, ಕಡೆಗೂ ನನ್ನಿಂದ ಇಳಿಯುತ್ತ.

ಹೀಗೆ ವಿಜಯದಶಮಿಗೆ ನಾನು ಸೈಲೆನ್ಸರ್ ಇಲ್ಲದೆ ಹೊರಟೆ. ಎಡಕ್ಕೆ ವಿಶಾಲಿ ಸ್ಟೇರಿಂಗ್ ಹಿಡಿದು, ಬಲಕ್ಕೆ ದ್ಯಾಮವ್ವ, ಹಿಂದೆ ಮೊಣಕಾಲು ಗದ್ದಕ್ಕೆ ಹಚ್ಚಿಕೊಂಡು ಅಣ್ಣತಮ್ಮಂದಿರು. ನಾನು ಬರುವುದು ಊರಿಗೆಲ್ಲ ಮೊದಲೇ ಕೇಳುತ್ತಿತ್ತು. ಬನ್ನಿ ಮರದ ಹತ್ತಿರ ನಿಂತಾಗ ಹಿಂದಿನವರು ಇಳಿಯಲು ಒಬ್ಬರನ್ನೊಬ್ಬರು ದಬ್ಬಬೇಕಾಯಿತು. ಕಾಳಪ್ಪ ಬನ್ನಿ ಕೊಟ್ಟು ಅಣ್ಣನ ಕಾಲು ಮುಟ್ಟಿದ, ಅಣ್ಣ ಅವನನ್ನು ರಟ್ಟೆ ಹಿಡಿದು ಎತ್ತಿದ. ಆಮೇಲೆ ಇಬ್ಬರೂ ಒಟ್ಟಿಗೆ ತಾಯಿಯ ಮುಂದೆ ಬಗ್ಗಿದರು. ದ್ಯಾಮವ್ವ ಸೆರಗಿನಿಂದ ಎರಡೂ ಕೈ ಹೊರಗೆ ತೆಗೆದು ಬೊಗಸೆ ಒಡ್ಡಿದಳು.

ತಿರುಗಿ ಬರುವಾಗ ವೃತ್ತದಲ್ಲಿ ಒಬ್ಬ ಪೊಲೀಸ್ ನಮ್ಮನ್ನು ತಡೆದ. ಅವನಿಗೆ ಕಂಡದ್ದು ಇಷ್ಟು: ಡ್ರೈವರ್ ಕೂರುವ ಬಲಗಡೆಯಲ್ಲಿ ಒಬ್ಬ ಮುದುಕಿ, ಕೈ ಕಟ್ಟಿಕೊಂಡು ಎಲೆ ಅಡಿಕೆ ಜಗಿಯುತ್ತಿದ್ದಾಳೆ, ಅವಳ ಮುಂದೆ ಸ್ಟೇರಿಂಗೇ ಇಲ್ಲ. ಬಾಯಿಯ ಸೀಟಿ ಕೆಳಗೆ ಬಿತ್ತು.

"ಅಜ್ಜೀ, ಸ್ಟೇರಿಂಗ್ ಎಲ್ಲೈತಿ?"

"ಮೊಮ್ಮಗಳಿಗೆ ಕೊಟ್ಟೇನಪ್ಪಾ. ನೀ ಇದನ್ನ ತಗೋ. ಬಂಗಾರ ತಗೊಂಡು ಬಂಗಾರದಂಗ ಇರು," ಎಂದು ಕಿಟಕಿಯಿಂದ ಅವನ ಕೈಗೆ ಬನ್ನಿ ಇಟ್ಟಳು. ಅವನು ನನ್ನ ಸದ್ದನ್ನು ಮರೆತು ಕೈ ಮುಗಿದ.

ಅದಾಗಿ ಬಹಳ ವರ್ಷಗಳಾದವು. ದ್ಯಾಮವ್ವ ಈಗಿಲ್ಲ. ನನ್ನ ಬಲಗಡೆಯ ಸೀಟಿನಲ್ಲಿ ಎಲೆ ಅಡಿಕೆಯ ಒಂದು ಕಲೆ ಇದೆ, ಅದನ್ನು ತೊಳೆಯಲು ಯಾರೂ ಒಪ್ಪಿಲ್ಲ. ವರ್ಕ್‌ಶಾಪ್ ವಿಶಾಲಿ ನೋಡಿಕೊಳ್ಳುತ್ತಾಳೆ. ಒಡೆದ ಗೋಡೆಯನ್ನು ಯಾರೂ ಕಟ್ಟಲಿಲ್ಲ. ಆ ಬಾಯಿಯಲ್ಲೇ ನಾನು ನಿಂತಿರುತ್ತೇನೆ, ಮೂತಿ ತಮ್ಮನ ಕಡೆ, ಬೆನ್ನು ಅಣ್ಣನ ಕಡೆ. ಸೈಲೆನ್ಸರ್ ಆಮೇಲೆ ಹಾಕಿದರು, ದಸರೆಗೆ ಮಾತ್ರ ಬಿಚ್ಚುತ್ತಾರೆ. ದೂರದ ಊರುಗಳ ಹಳೆಯ ಕಾರುಗಳನ್ನು ಗಾಜಿನ ಕೋಣೆಯಲ್ಲಿಟ್ಟು ಮುಟ್ಟಬೇಡಿ ಎಂದು ಬರೆದಿರುತ್ತಾರಂತೆ. ಪಾಪ. ನನ್ನನ್ನು ದಿನಕ್ಕೆ ನಾಲ್ಕು ಜನ ಮುಟ್ಟುತ್ತಾರೆ, ಇಬ್ಬರು ಬೈಯುತ್ತಾರೆ. ನನ್ನಂಥವನಿಗೆ ಇದಕ್ಕಿಂತ ಬೇರೆ ಮುದಿತನ ಬೇಡ.

ಪ್ರತಿ ಖಂಡೇಪೂಜೆಗೆ ಕಾಯಿ ಒಡೆಯುವುದು ಈಗ ವಿಶಾಲಿ, ಅದೂ ದೂರದ ಹೊಸ್ತಿಲ ಕಲ್ಲಿಗೆ. ನನ್ನ ಬಾಯಿಗೆ ಫಿಲ್ಟರಿನ ಮುಚ್ಚಳವೂ ಇರುತ್ತದೆ, ಬೋಲ್ಟೂ ಇರುತ್ತದೆ. ಆದರೂ ಅವಳು ಕಾಯಿ ಎತ್ತಿದ ಕೂಡಲೇ ತಲೆ ನರೆತ ಆ ಅಣ್ಣತಮ್ಮಂದಿರು ಎರಡು ಕಡೆಯಿಂದ ಬಂದು, ಒಬ್ಬರ ಮುಖ ಒಬ್ಬರು ನೋಡದೆ, ಮುಚ್ಚಳದ ಮೇಲೆ ಅಂಗೈ ಇಡುತ್ತಾರೆ. ಕೆಳಗೆ ತಮ್ಮನ ಕೈ, ಅದರ ಮೇಲೆ ಅಣ್ಣನ ಕೈ. ಕಾಯಿ ಒಡೆದ ಸದ್ದು ಕೇಳಿದ ಮೇಲೂ ಬೇಗ ತೆಗೆಯುವುದಿಲ್ಲ.