ಪರದೆಯ ಮೇಲಿನ ಗಂಟಲು

"ಬಟ್ಟೆ ಒಣಗಿಸೋ ಹಗ್ಗ ಕುತ್ತಿಗೆಗೆ ಸಿಕ್ಕಿಕೊಳ್ತು ಮೇಡಂ. ಅವತ್ತಿಂದ ಇವಳ ದನಿ ಹೋಗಿದೆ," ಎಂದ ಗಂಡ. "ಮನೆ ತಣ್ಣಗಿದೆ, ಅದು ಬೇರೆ ಮಾತು." ತನ್ನ ಮಾತಿಗೆ ತಾನೇ ನಕ್ಕ.

ಅವನ ಹೆಂಡತಿ, ಹೊಲಿಗೆಯವಳು, ತುಟಿ ಆಡಿಸಿದಳು. ಗಾಳಿ ಬಂತು, ಸದ್ದು ಬರಲಿಲ್ಲ. ಹಗ್ಗವಲ್ಲ, ಅವನ ಹೆಬ್ಬೆರಳುಗಳು. ಬರೆದು ತೋರಿಸೋಣವೆಂದರೆ ಅವನು ಪಕ್ಕ ಬಿಟ್ಟು ಕದಲುತ್ತಿಲ್ಲ. ಇವತ್ತು ಡಾಕ್ಟರಿಗೆ ತಿಳಿಯದಿದ್ದರೆ ಮತ್ತೆ ಅದೇ ಮನೆ, ಅದೇ ಕೈ. ಮುಂದಿನ ಸಲ ಅವನು ಅರ್ಧಕ್ಕೆ ಬಿಡುವವನಲ್ಲ.

ಗಂಟಲ ಡಾಕ್ಟರು ಅವಳ ಮೂಗಿನೊಳಗೆ ಕ್ಯಾಮೆರಾದ ತೆಳ್ಳನೆ ನಳಿಗೆ ಇಳಿಸಿದರು. ಪರದೆಯ ಮೇಲೆ ಎರಡು ಬಿಳಿ ಮಡಿಕೆಗಳು ಮೂಡಿದವು. ಒಂದು ರಕ್ತ ಹೆಪ್ಪುಗಟ್ಟಿ ನೇರಳೆಯಾಗಿತ್ತು.

"ಇವೇ ನಿನ್ನ ದನಿ. ಹತ್ತಿರ ಬರ್ತವೆ, ಕೆಳಗಿಂದ ಉಸಿರು ನುಗ್ಗಿ ಅದುರಿಸುತ್ತೆ, ಸದ್ದು ಹುಟ್ಟುತ್ತೆ. ಆದ್ರೆ ಮಾತು ಇವಕ್ಕೆ ಉಪಕಸುಬು ಕಣಮ್ಮ. ಮೊದಲ ಕೆಲಸ ಕಾವಲು. ಅಪಾಯ ಅಂದ್ರೆ ಬಾಗಿಲು ಹಾಕ್ಕೊಳ್ಳೋದು."

ಅವಳಿಗೆ ಸೀನು ಬಂದು ತಲೆ ಅಲುಗಿತು.

"ನರ್ಸ್ ರಜೆ. ಇಲ್ಲಿ ಜೊತೆಗೆ ಬಂದವರೇ ತಲೆ ಹಿಡಿಯೋದು. ಬನ್ನಿ ಯಜಮಾನರೇ, ಸ್ವಲ್ಪ ಮೈ ಬಗ್ಗಿಸಿ."

ಅವನ ಕೈ ಹಿಂದಿನಿಂದ ಕತ್ತಿಗೆ ತಾಗಿತು. ಪರದೆಯಲ್ಲಿ ಮಡಿಕೆಗಳು ಪಟ್ಟನೆ ಮುಚ್ಚಿಕೊಂಡವು.

"ಉಸಿರಾಡಮ್ಮ."

ಆಗಲಿಲ್ಲ. "ಕೈ ತೆಗೀರಿ," ಎಂದರು. ತೆರೆದವು. "ಮತ್ತೆ ಇಡಿ." ಮುಚ್ಚಿದವು.

ಡಾಕ್ಟರು ಅವಳ ಕೊರಳಿಗೆ ಸುತ್ತಿದ್ದ ಬಟ್ಟೆ ಸರಿಸಿದರು. ಹಗ್ಗದ ಗೆರೆ ಇರಲಿಲ್ಲ. ದುಂಡನೆಯ ಎರಡು ಕಪ್ಪು ಕಲೆಗಳಿದ್ದವು.

"ಹಗ್ಗ ಅಂದ್ರಲ್ಲಾ?"

"ಏನ್ರೀ ನೋಡ್ತೀರಾ, ನಿಮ್ಮ ಕೆಲಸ ನೀವು ಮಾಡ್ರೀ!"

ಅವನ ಕೈ ಅವಳ ಕೊರಳ ಸುತ್ತ ಬಿಗಿಯಾಯಿತು. ತನ್ನ ಗಂಟಲು ಹಿಸುಕಿ ಹೋಗುವುದನ್ನು ಅವಳು ಪರದೆಯಲ್ಲಿ ಒಳಗಿನಿಂದ ನೋಡಿದಳು: ಕೆಂಪು ಗೋಡೆಗಳು ಒತ್ತರಿಸಿ ಬಂದವು, ದಾರಿ ಇಲ್ಲವಾಯಿತು. ಡಾಕ್ಟರು ನಳಿಗೆ ಎಳೆದು ಬಿಸಾಕಿ ಸ್ಟೀಲ್ ತಟ್ಟೆ ಎತ್ತಿ ಅವನ ಮುಖಕ್ಕೆ ಬೀಸಿದರು. ಮೂಗು ಒಡೆಯಿತು. ಆದರೂ ಬಿಡಲಿಲ್ಲ ಮಹಾರಾಯ. ಕಣ್ಣು ಕತ್ತಲಿಡುವಾಗ ಅವಳು ತಡವರಿಸಿ ಅವನ ಕಿರುಬೆರಳು ಹಿಡಿದಳು. ಹಿಂದಕ್ಕೆ ಬಗ್ಗಿಸಿದಳು. ಲಟಕ್ಕೆಂದಿತು.

ಅವನು ಕೊರಳು ಬಿಟ್ಟು ಚೀರಿದ ಸದ್ದಿಗೆ ಕಾರಿಡಾರಿನಲ್ಲಿ ಓಡುವ ಹೆಜ್ಜೆಗಳು ಕೇಳಿದವು.

"ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಆಗಿದೆ," ಎಂದರು ಡಾಕ್ಟರು ಏದುಸಿರು ಬಿಡುತ್ತಾ. "ಪೊಲೀಸರಿಗೆ ಇದನ್ನೇ ತೋರಿಸ್ತೀನಿ. ಗಂಟಲು ವಾಸಿಯಾಗೋವರೆಗೆ ನೀನು ಪಿಸುಗುಟ್ಟೋಕೂ ಹೋಗಬೇಡ. ಬಿಡಮ್ಮ, ಕಾವಲುಗಾರ ಬಂದ. ಬಿಡು ಅವನನ್ನ."

ಅವಳು ಬಿಡಲಿಲ್ಲ. ಮಂಡಿಯೂರಿ ಗೋಗರೆಯುತ್ತಿದ್ದವನ ಬೆರಳನ್ನು ಇನ್ನೊಂದು ಸುತ್ತು ತಿರುಚಿದಳು.